ಮಿತಿಯಿಲ್ಲದ ಜಿಗಿತ 3ನೇ ಹಂತಕ್ಕೆ ಹೆಚ್ಚಾಯಿತು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯ ಆಟಕ್ಕೆ ನೀವು ರೂಪಿಸಿದ ‘ನೆರಳುಯೋಧ’ 3ನೇ ಹಂತದಲ್ಲೇ ಬೋನಸ್ ಆಕ್ಷನ್ (ಸರದಿಯಲ್ಲಿ ಮುಖ್ಯ ಕ್ರಿಯೆಯ ಜೊತೆಗೆ ಸಿಗುವ ಚಿಕ್ಕ ಕ್ರಿಯೆ) ಬಳಸಿ, ಎಷ್ಟು ಸಲ ಬೇಕಾದರೂ, 30 ಅಡಿ ದೂರಕ್ಕೆ ಮಾಯವಾಗಿ ಜಿಗಿಯುವುದು ಅತಿಯಾಯಿತೇ ಎಂದು ಕೇಳಿದ್ದೀರಿ. ಕಲ್ಪನೆ ಸೊಗಸಾಗಿದೆ, ಆದರೆ ಹೌದು, ಅತಿಯಾಯಿತು. ಆಟದ 5ನೇ ಆವೃತ್ತಿಯಲ್ಲಿ ಇದೇ ಕೆಲಸ ಮಾಡುವ ಮಿಸ್ಟಿ ಸ್ಟೆಪ್ 2ನೇ ಮಟ್ಟದ ಮಂತ್ರ. 3ನೇ ಹಂತದ ವಿಝರ್ಡ್‌ಗೆ ಆ ಮಟ್ಟದ ಸ್ಲಾಟ್, ಅಂದರೆ ಮಂತ್ರ ಹಾಕುವ ಅವಕಾಶ, ಇರುವುದೇ ಎರಡು. ಅವನು ಅಳೆದು ಸುರಿದು ಖರ್ಚು ಮಾಡುವುದನ್ನು ನಿಮ್ಮ ಯೋಧ ಪುಕ್ಕಟೆ ಪಡೆದರೆ, ಪಕ್ಕದಲ್ಲಿ ಕುಳಿತ ಆಟಗಾರನ ಉತ್ಸಾಹವೇ ಇಳಿದುಹೋಗುತ್ತದೆ. ದಾಳ ಎಸೆದು ಎಷ್ಟು ಹಾನಿ ಮಾಡಬಹುದು ಎಂಬುದಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ. ಆಟದಲ್ಲೇ ಇರುವ ನೆರಳಿನ ಪಂಥದ ಸನ್ಯಾಸಿ-ಯೋಧ ಮಾಂಕ್‌ಗೂ ಮಿತಿಯಿಲ್ಲದ ಜಿಗಿತ ಸಿಗುವುದು 6ನೇ ಹಂತದಲ್ಲಿ, ಅದೂ ಕತ್ತಲು ಅಥವಾ ಮಬ್ಬು ಬೆಳಕಿನಿಂದ ಅಂಥದೇ ಜಾಗಕ್ಕೆ ಮಾತ್ರ. ನೀವೂ ಸದ್ಯ ಆಟದೊಳಗಿನ ಚಿಕ್ಕ ವಿಶ್ರಾಂತಿಯಾದ ಶಾರ್ಟ್ ರೆಸ್ಟ್‌ಗೆ ಒಂದು ಸಲ ಎಂದಿಡಿ. 6ನೇ ಹಂತ ತಲುಪಿದಾಗ ಅದೇ ಕತ್ತಲಿನ ಷರತ್ತು ಸೇರಿಸಿ ಮಿತಿಯನ್ನು ತೆಗೆದುಬಿಡಿ.