ನಡೆದರೆ ಸಾಲದೇ?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ವಯಸ್ಸು 72, ದಿನವೂ ಮುಕ್ಕಾಲು ಗಂಟೆ ನಡಿಗೆ, ‘ಕಾಲಲ್ಲಿ ಶಕ್ತಿ ಚೆನ್ನಾಗಿಯೇ ಇದೆ’ ಎಂದು ಡಾಕ್ಟರ ಭರವಸೆ ಬೇರೆ. ಆದರೂ ಒಂದೇ ವರ್ಷದಲ್ಲಿ ಎರಡು ಸಲ ಮುಗ್ಗರಿಸಿ ಬಿದ್ದಿದ್ದೀರಿ. ‘ಎರಡು ಸಲವೂ ಎಡಗಾಲೇ ಕೈಕೊಟ್ಟಿತು’ ಎಂದು ಬರೆದಿದ್ದೀರಲ್ಲ, ಬಿದ್ದವರ ಪತ್ರ ಎಂಬುದನ್ನೂ ಮರೆತು ನಕ್ಕುಬಿಟ್ಟೆ, ಕ್ಷಮಿಸಿ. ಇಷ್ಟು ನಡೆದೂ ಹೀಗೇಕೆ ಎಂಬುದು ನಿಮ್ಮ ಪ್ರಶ್ನೆ.

ನಾನು ವೈದ್ಯನಲ್ಲ. ಆದರೆ ಈ ವಿಷಯದಲ್ಲಿ ಪೆಟ್ಟು ತಿಂದವನು. ಕೆಲವು ವರ್ಷಗಳ ಹಿಂದೆ ಎಡ ಪಾದದ ಗಂಟು ಮುರಿದು ಆರು ವಾರ ಪ್ಲಾಸ್ಟರ್‌ನಲ್ಲಿದ್ದೆ. ಆಮೇಲೆ ಮಾಮೂಲಿನಂತೆ ನಡೆದಾಡತೊಡಗಿದೆ, ಎಲ್ಲ ಸರಿಹೋಯಿತು ಅಂದುಕೊಂಡೆ. ಫಿಸಿಯೋಥೆರಪಿಸ್ಟ್ ಒಬ್ಬರು ತೂಕದ ಯಂತ್ರ ಎರಡನ್ನು ಅಕ್ಕಪಕ್ಕ ಇಟ್ಟು, ಒಂದೊಂದರ ಮೇಲೆ ಒಂದೊಂದು ಪಾದ ಇಡಿಸಿ, ಕುರ್ಚಿಯಿಂದ ಏಳಲು ಹೇಳಿದರು. ಸುಮ್ಮನೆ ನಿಂತಾಗ ಎರಡೂ ಹೆಚ್ಚುಕಮ್ಮಿ ಒಂದೇ ತೂಕ ತೋರಿಸುತ್ತಿದ್ದವು. ಏಳುವಾಗ ಮಾತ್ರ ಬಲಗಾಲಿನ ಮುಳ್ಳು ಸರ್ರನೆ ಮೇಲೇರಿತು, ಎಡಗಾಲಿನದು ತೂಕಡಿಸುತ್ತಿತ್ತು. ‘ಬಲಗಾಲು ಇಬ್ಬರ ಕೆಲಸ ಮಾಡ್ತಿದೆ ಸಾರ್’ ಎಂದರು ಅವರು. ನನಗೆ ಅದರ ಸುಳಿವೇ ಇರಲಿಲ್ಲ. ಸಮತಟ್ಟು ನೆಲದ ನಿಧಾನ ನಡಿಗೆಯಲ್ಲಿ ಈ ಮೈಗಳ್ಳತನ ಸುಲಭವಾಗಿ ಮುಚ್ಚಿಹೋಗುತ್ತದೆ.

ಡಾಕ್ಟರು ಹೇಳಿದ್ದು ಸುಳ್ಳಲ್ಲ. ಆದರೆ ಕಸುವು ಬೇರೆ, ಆ ಕಸುವನ್ನು ಎಷ್ಟು ಬೇಗ ಹೊರಹಾಕಬಲ್ಲಿರಿ ಎಂಬುದು ಬೇರೆ. ಎರಡನೆಯದಕ್ಕೆ ‘ಪವರ್’ ಎನ್ನುತ್ತಾರೆ. ಎಡವಿದಾಗ ಕಾಲು ಮುಂದೆ ಹಾಕಿ ಮೈಯನ್ನು ತಡೆದು ನಿಲ್ಲಿಸಲು ಸೆಕೆಂಡಿನೊಳಗಿನ ಸಮಯವಷ್ಟೇ ಸಿಗುತ್ತದೆ. ಆಮೇಲೆ ಎಷ್ಟು ಕಸುವು ಬಂದರೇನು? ವಯಸ್ಸಾದಂತೆ ಮೊದಲು ಸೊರಗುವುದು ವೇಗವಾಗಿ ಸೆಳೆಯುವ ಸ್ನಾಯುತಂತುಗಳೇ. 65ರಿಂದ 89 ವರ್ಷದವರನ್ನು ಪರೀಕ್ಷಿಸಿ 1994ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಕಸುವು ವರ್ಷಕ್ಕೆ ಶೇ. 1ರಿಂದ 2ರಷ್ಟು ಕಡಿಮೆಯಾಗಿದ್ದರೆ, ಕಾಲಿನ ಪವರ್ ಸುಮಾರು ಶೇ. 3.5ರಷ್ಟು ಇಳಿದಿತ್ತು. 2002ರ ಇನ್ನೊಂದು ಅಧ್ಯಯನ, ಪದೇ ಪದೇ ಬೀಳುವವರಲ್ಲಿ ಎರಡು ಕಾಲುಗಳ ಪವರ್ ನಡುವಿನ ಅಂತರ ಹೆಚ್ಚಿರುವುದನ್ನು ಗುರುತಿಸಿತು.

ಹಾಗೆಂದು ಎರಡು ಕಾಲನ್ನೂ ತಕ್ಕಡಿಯಲ್ಲಿಟ್ಟು ಸಮ ಮಾಡಲು ಹೊರಡಬೇಡಿ. ಅಲ್ಪಸ್ವಲ್ಪ ವ್ಯತ್ಯಾಸ ಎಲ್ಲರಿಗೂ ಇರುತ್ತದೆ. ಸೋತ ಕಾಲನ್ನು ಎಬ್ಬಿಸಿದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ನನಗೆ ಹೇಳಿಕೊಟ್ಟದ್ದು ಇಷ್ಟೇ. ಗೋಡೆಗೆ ಒತ್ತಿದ ಗಟ್ಟಿ ಕುರ್ಚಿ. ಸೋತ ಕಾಲಿನ ಪಾದವನ್ನು ಇನ್ನೊಂದಕ್ಕಿಂತ ತುಸು ಹಿಂದಕ್ಕೆ ಎಳೆದುಕೊಳ್ಳುವುದು. ಆಗ ಭಾರ ಅದರ ಮೇಲೆಯೇ ಬೀಳುತ್ತದೆ, ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ಏಳುವಾಗ ಚಟ್ಟನೆ ಏಳಿ, ಕೂರುವಾಗ ಮೂರು ಎಣಿಸುತ್ತಾ ನಿಧಾನವಾಗಿ ಕೂರಿ. ಎಂಟು ಸಲ, ಸ್ವಲ್ಪ ವಿಶ್ರಾಂತಿ, ಮತ್ತೆ ಎಂಟು ಸಲ, ವಾರದಲ್ಲಿ ಮೂರು ದಿನ. ಉಸಿರು ಕಟ್ಟಬೇಡಿ. ಶುರುವಿನಲ್ಲಿ ಕುರ್ಚಿಯ ಕೈ ಹಿಡಿದುಕೊಂಡರೆ ಅದರಲ್ಲಿ ಅವಮಾನವೇನಿಲ್ಲ. ವಯಸ್ಸು ಮೀರಿತು ಎನ್ನಬೇಡಿ: 1990ರಲ್ಲಿ ವರದಿಯಾದ ಅಮೆರಿಕದ ಪ್ರಯೋಗವೊಂದರಲ್ಲಿ 90ರ ಆಸುಪಾಸಿನ ಬಡಕಲು ವೃದ್ಧರೇ ಎಂಟು ವಾರದ ತೂಕದ ವ್ಯಾಯಾಮದಿಂದ ಕಾಲಿನ ಕಸುವನ್ನು ಎರಡು ಪಟ್ಟಿಗೂ ಮೀರಿ ಹೆಚ್ಚಿಸಿಕೊಂಡಿದ್ದರು.

ಆದರೆ ಎರಡು ಸಲ ಬಿದ್ದಿದ್ದೀರಿ, ಆದ್ದರಿಂದ ಮೊದಲು ಡಾಕ್ಟರಿಗೆ ಇದನ್ನೂ ಹೇಳಿ. ಮಂಡಿ ಸವೆತ, ಬೆನ್ನಿನ ನರ, ಕಣ್ಣು, ಮಾತ್ರೆಗಳು, ಎಲ್ಲವೂ ನೋಡಬೇಕಾದವೇ. ಒಂದು ಕಾಲು ಇದ್ದಕ್ಕಿದ್ದಂತೆ ಸೋತರಂತೂ ಕುರ್ಚಿಯನ್ನು ಮರೆತು ತಕ್ಷಣ ಆಸ್ಪತ್ರೆಗೆ ಹೋಗಬೇಕು, ಪಾರ್ಶ್ವವಾಯು ಇರಬಹುದು.

ಇವತ್ತೇ ಒಂದು ಲೆಕ್ಕ ಬರೆದಿಡಿ: ಎದೆಯ ಮೇಲೆ ಕೈಕಟ್ಟಿ ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡು ಹಿಡಿಯಿತು? ಪಕ್ಕದಲ್ಲಿ ಯಾರಾದರೂ ಇರಲಿ. 15 ಸೆಕೆಂಡು ದಾಟಿದರೆ ಕಸುವು ಕುಗ್ಗಿರಬಹುದೆಂದು ತಜ್ಞರು ಅನುಮಾನಿಸುತ್ತಾರೆ. ಎರಡು ತಿಂಗಳ ನಂತರ ಮತ್ತೆ ಎಣಿಸಿ, ಈಗಿನ ಮತ್ತು ಆಗಿನ ಎರಡೂ ಅಂಕಿಗಳನ್ನು ನನಗೆ ಬರೆಯಿರಿ.

– ಸಂ.