ಗೆಳೆಯನ ರೇಡ್‌ಗೆ ಚಪ್ಪಾಳೆ ತಟ್ಟಲು ಕೈ ಬರುತ್ತಿಲ್ಲ

ಪ್ರಶ್ನೆ: ನನಗೆ 23 ವರ್ಷ. ಮಂಡ್ಯ ಕಡೆಯ ಹಳ್ಳಿ. ಊರಿನ ಕಬಡ್ಡಿ ತಂಡದಲ್ಲಿ ಲೆಫ್ಟ್ ಕಾರ್ನರ್ ಆಡುತ್ತೇನೆ, ಅಂದರೆ ಎಡ ಮೂಲೆಯಲ್ಲಿ ನಿಂತು ಎದುರಾಳಿ ರೇಡರ್‌ನನ್ನು ಹಿಡಿಯುವವನು. ನನ್ನ ಜೊತೆಗೇ ಆಡಿ ಬೆಳೆದ ಗೆಳೆಯ ರೇಡರ್. ಅವನೀಗ ಜಿಲ್ಲಾ ತಂಡಕ್ಕೆ ಆಯ್ಕೆಯಾಗಿದ್ದಾನೆ. ಹೊನಲು ಬೆಳಕಿನ ಪಂದ್ಯಗಳಲ್ಲಿ ಮೈಕ್ ತುಂಬಾ ಅವನದೇ ಹೆಸರು. ಖುಷಿಪಡಬೇಕು ಅಂತ ಗೊತ್ತು, ಆದರೆ ಹೊಟ್ಟೆ ಉರಿಯುತ್ತದೆ. ಆಟವನ್ನೇ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಹೊಟ್ಟೆಕಿಚ್ಚು ಬಂತಲ್ಲ ಅಂತ ನಾಚಿಕೆಯೂ ಬೇಡ. ಒಂದೇ ಮೈದಾನದಲ್ಲಿ ಮಂಡಿ ತರಚಿಕೊಂಡು ಕಲಿತವರಲ್ಲಿ ಒಬ್ಬ ಮುಂದೆ ಹೋದರೆ ಇನ್ನೊಬ್ಬನಿಗೆ ಚುರ್ ಅನ್ನುವುದು ಸಹಜ.

ಆದರೆ ನಿಮ್ಮ ಆಟವನ್ನೇ ಸ್ವಲ್ಪ ನೋಡಿ. ನೀವು ಔಟಾಗಿ ಹೊರಗೆ ಕೂತಿದ್ದೀರಿ. ಅವನು ಎದುರಾಳಿ ಒಬ್ಬನನ್ನು ಮುಟ್ಟಿ ಗೆರೆ ದಾಟಿ ಬರುತ್ತಾನೆ. ಆಗ ಹೊರಗೆ ಕೂತವರಲ್ಲಿ ಒಬ್ಬರು ವಾಪಸ್, ಮೊದಲು ಔಟಾದವರು ಮೊದಲು ಒಳಗೆ. ಸರದಿ ನಿಮ್ಮದಾಗಿದ್ದರೆ ಆಗ ಹೊಟ್ಟೆ ಉರಿಯುತ್ತದೆಯೇ? ತೊಡೆ ತಟ್ಟಿಕೊಂಡು ಓಡಿರುತ್ತೀರಿ! ಅವನು ಸಿಕ್ಕಿಬಿದ್ದು ಹೊರಗೆ ಕೂತಾಗಲೂ ಇದೇ ಕಥೆ. ನೀವು ಎದುರಾಳಿ ರೇಡರ್‌ನ ಕಣಕಾಲು ಹಿಡಿದು ಕೆಡವಿದರೆ ತಾನೇ ಅವನು ಎದ್ದು ಒಳಗೆ ಬರುವುದು? ಮೈಕಿನವನು ಇದನ್ನೆಲ್ಲ ಹೇಳುವುದಿಲ್ಲ, ಅವನಿಗೆ ಪುರುಸೊತ್ತಿಲ್ಲ ಬಿಡಿ. ಗೆಳೆಯನಿಗಂತೂ ಗೊತ್ತಿರುತ್ತದೆ. ಎದುರಾಳಿ ಅಂಗಳದ ಬೋನಸ್ ಗೆರೆ ದಾಟಿದ್ದಕ್ಕೆ ಸಿಗುವ ಬೋನಸ್ ಪಾಯಿಂಟ್ ಮಾತ್ರ ಬೇರೆ. ಸ್ಕೋರ್ ಏರುತ್ತದೆ, ಹೊರಗೆ ಕೂತವರು ಅಲ್ಲೇ ಕೂತಿರುತ್ತಾರೆ. ಅದಕ್ಕೆ ನಿಮಗೆ ಅಷ್ಟು ಖುಷಿಯಾಗದಿದ್ದರೆ ನಾನೇನೂ ಬೈಯುವುದಿಲ್ಲ.

ನಮ್ಮ ಬಿ.ಸಿ. ರಮೇಶ್ ಆಟಗಾರನಾಗಿ ಅರ್ಜುನ ಪ್ರಶಸ್ತಿ ಪಡೆದವರು. ಪ್ರೊ ಕಬಡ್ಡಿಯಲ್ಲಿ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್ ಕಪ್ ಗೆದ್ದಾಗ ಅವರು ಕೋಚ್. ಒಂದು ರೇಡೂ ಅವರದಲ್ಲ. ಗೆಲುವು ಅವರದೂ ಹೌದು, ಅಲ್ವಾ?

ಒಂದು ಅನುಮಾನ. ನಿಮಗೆ ಚುಚ್ಚುತ್ತಿರುವುದು ಗೆಳೆಯ ಗೆದ್ದದ್ದಲ್ಲ, ನಿಮ್ಮನ್ನು ಯಾರೂ ನೋಡಲಿಲ್ಲ ಅನ್ನುವುದು. ನೀವು ಆಯ್ಕೆಗೆ ಹೋಗಿದ್ದಿರಾ ಇಲ್ಲವಾ ಅಂತ ಬರೆದೇ ಇಲ್ಲ! ಹೋಗಿರದಿದ್ದರೆ ಮುಂದಿನ ಸಲ ಸುಮ್ನೆ ಕೂರಬೇಡಿ. ಜಿಲ್ಲಾ ತಂಡಕ್ಕೂ ಕಾರ್ನರ್ ಬೇಕು. ಹೋಗಿ ಬಂದಿದ್ದರೆ, ಎಲ್ಲಿ ಕಮ್ಮಿಯಾಯಿತು ಅಂತ ನಿಮ್ಮ ಕೋಚ್‌ನ ನೇರವಾಗಿ ಕೇಳಿ.

ಅಲ್ಲಿಯವರೆಗೆ ದಿನಾ ಸಂಜೆ ನಿಮ್ಮ ಮೇಲೆ ರೇಡ್ ಮಾಡಲು ಅವನನ್ನೇ ಕರೆಯಿರಿ. ಕ್ಯಾಂಪ್‌ಗೆ ಹೋಗುವ ಮುಂಚೆ ಅವನಿಗೂ ಗಟ್ಟಿ ಕಾರ್ನರ್ ಒಬ್ಬ ಎದುರಿಗೆ ಬೇಕೇ ಬೇಕು. ಗೆಳೆಯ ಅಂತ ಹಿಡಿದ ಕಾಲು ಮಾತ್ರ ಬಿಡಬೇಡಿ.