ಮೊದಲು ಸಭೆ, ಆಮೇಲೆ ಸಾಕ್ಷಿ

ಪ್ರಿಯ ಸಹೋದರಿ,

ಕೆಲಸಕ್ಕೆಂದು ಪರದೇಶಕ್ಕೆ ಬಂದು ತಿಂಗಳಾಯಿತು, ಚರ್ಚ್ ಇನ್ನೂ ಸಿಕ್ಕಿಲ್ಲ, ಆಫೀಸಿನಲ್ಲಿ ಯೇಸು ಸ್ವಾಮಿಯ ಹೆಸರೆತ್ತಲು ಭಯ, ಎತ್ತದಿದ್ದರೆ ಮನಸ್ಸಿಗೆ ಚುಚ್ಚುತ್ತದೆ, ಭಾನುವಾರ ಬೇರೆ ಪಾಳಿ ಬೀಳುತ್ತದೆ ಎಂದು ಬರೆದಿದ್ದೀರಿ. ಮೊದಲು ಸಭೆ, ಅಂದರೆ ಚರ್ಚಿನ ಬಳಗ, ಹುಡುಕಿಕೊಳ್ಳಿ. ಸಾಕ್ಷಿ, ಅಂದರೆ ಯೇಸುವಿನ ಬಗ್ಗೆ ಬೇರೆಯವರಿಗೆ ಹೇಳುವ ಮಾತು, ಆಮೇಲೆ. ಸಭೆಯಿಲ್ಲದೆ ಸಾಕ್ಷಿ ಹೇಳಹೊರಟವರು ಬೇಗ ದಣಿಯುತ್ತಾರೆ. ಯಾರಾದರೂ ಆಸಕ್ತಿ ತೋರಿಸಿದರೂ ಅವರನ್ನು ಕರೆದೊಯ್ಯಲು ಒಂದು ಜಾಗವಿರುವುದಿಲ್ಲ.

ಮನೆಯಿಂದ ಅರ್ಧ ಗಂಟೆಯೊಳಗೆ ತಲುಪುವ ಚರ್ಚುಗಳನ್ನೇ ನೋಡಿ. ದೂರದ ಚರ್ಚಿನ ಹಾಡು ಎಷ್ಟೇ ಚೆನ್ನಾಗಿರಲಿ, ಚಳಿಯೋ ಓವರ್‌ಟೈಮೋ ಬಂದಾಗ ತಪ್ಪಿಹೋಗುತ್ತದೆ, ವಾರದ ನಡುವಿನ ಪ್ರಾರ್ಥನಾ ಕೂಟಕ್ಕಂತೂ ಹೋಗಲಾಗುವುದಿಲ್ಲ. ಒಂದೇ ಕಡೆ ಸತತ ನಾಲ್ಕು ವಾರ ಹೋಗಿ. ವಾರಕ್ಕೊಂದು ಚರ್ಚ್ ಸುತ್ತುವವರು ಎಲ್ಲೆಡೆ ಹೊಸಬರಾಗಿಯೇ ಉಳಿಯುತ್ತಾರೆ. ಆಶೀರ್ವಾದವಾದ ಕೂಡಲೇ ಹೊರಡಬೇಡಿ, ಆಮೇಲಿನ ಕಾಲು ಗಂಟೆಯ ಚಹಾದಲ್ಲೇ ಹೆಸರುಗಳು ಗೊತ್ತಾಗುವುದು. ಊರಿನ ಆರಾಧನೆಯನ್ನು ಫೋನಿನಲ್ಲಿ ಧಾರಾಳವಾಗಿ ನೋಡಿ, ಕನ್ನಡದಲ್ಲಿ ಹಾಡಿ ಪ್ರಾರ್ಥಿಸಿದಾಗ ಸಿಗುವ ನೆಮ್ಮದಿಯೇ ಬೇರೆ. ಆದರೆ ನೀವು ಜ್ವರದಲ್ಲಿ ಮಲಗಿದ ವಾರ ನಿಮ್ಮ ಕುರ್ಚಿ ಖಾಲಿಯಿದೆ ಎಂದು ಗಮನಿಸುವವರು ಅಲ್ಲಿರುವುದಿಲ್ಲ.

ವೀಸಾ ಸಿಗುತ್ತದೆಂದು ಮಾತು ಕೊಟ್ಟು ಕಾಣಿಕೆ ಕೇಳುವವರಿಂದ, ಮನೆಯವರ ಜೊತೆ ಮಾತು ಬಿಡಿ ಎನ್ನುವವರಿಂದ ದೂರವಿರಿ. ಹೊಸದಾಗಿ ಬಂದ ಒಂಟಿ ಜನರನ್ನೇ ಅವರು ಹುಡುಕುವುದು. ಲೆಕ್ಕಪತ್ರ ಯಾರು ನೋಡುತ್ತಾರೆ, ವರ್ಷಕ್ಕೊಮ್ಮೆ ಸಭೆಯ ಮುಂದಿಡುತ್ತಾರಾ ಎಂದು ಕೇಳಿ. ಸರಿಯಾದ ಸಭೆಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ.

ಊರಿನ ಸಭಾಪಾಲಕರಿಂದ ಸದಸ್ಯತ್ವದ ಪತ್ರ, ದೀಕ್ಷಾಸ್ನಾನ ಮತ್ತು ದೃಢೀಕರಣದ (ಕನ್ಫರ್ಮೇಶನ್) ಸರ್ಟಿಫಿಕೇಟು ಈಗಲೇ ತರಿಸಿಕೊಳ್ಳಿ. ಮದುವೆಗೋ ಮಗುವಿನ ದೀಕ್ಷಾಸ್ನಾನಕ್ಕೋ ಕೇಳಿದಾಗ ಅಷ್ಟು ದೂರದಿಂದ ತರಿಸುವುದು ತಡವಾಗುತ್ತದೆ.

ಇನ್ನು ಆಫೀಸು. ಸೋಮವಾರ ಬೆಳಿಗ್ಗೆ ಸಹೋದ್ಯೋಗಿ 'ರಜೆಯಲ್ಲಿ ಏನು ಮಾಡಿದಿರಿ?' ಎಂದು ಕೇಳಿದರೆ 'ಬಟ್ಟೆ ಒಗೆದೆ, ಚರ್ಚಿಗೆ ಹೋಗಿದ್ದೆ, ಕ್ಷಮೆಯ ಬಗ್ಗೆ ಒಳ್ಳೆಯ ಪ್ರಸಂಗವಿತ್ತು' ಎಂದು ಹೇಳಿ ಅಲ್ಲಿಗೆ ನಿಲ್ಲಿಸಿ. ಚರ್ಚಿನ ಮಾತನ್ನು ನುಂಗಿ ಬರೀ ಬಟ್ಟೆ ಒಗೆದೆ ಎನ್ನಬೇಡಿ, ಸಿಕ್ಕಿತು ಸಂದರ್ಭ ಎಂದು ಇಡೀ ಪ್ರಸಂಗವನ್ನೂ ಒಪ್ಪಿಸಬೇಡಿ. ಅವರು ಮತ್ತೆ ಕೇಳಿದರೆ ಎರಡು ನಿಮಿಷದಲ್ಲಿ ಹೇಳಿ, ಉಳಿದದ್ದು ಊಟದ ಬಿಡುವಿಗಿರಲಿ. ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಆದರೆ ಸಾತ್ವಿಕವಾಗಿ ಹೇಳಿ ಎಂದು ಬೈಬಲಿನಲ್ಲಿ ಪೇತ್ರನ ಮೊದಲ ಪತ್ರ (1 ಪೇತ್ರ 3:15) ಕಲಿಸುತ್ತದೆ. ಅಲ್ಲಿ ಮೊದಲು ಕೇಳುವವರಿದ್ದಾರೆ. ಆ ಪತ್ರ ಬರೆದದ್ದೂ ಚದರಿಹೋಗಿ ಪರದೇಶಿಗಳಾಗಿ ಬದುಕುತ್ತಿದ್ದ ವಿಶ್ವಾಸಿಗಳಿಗೇ.

ನಿಮ್ಮ ಕೈಕೆಳಗೆ ಕೆಲಸ ಮಾಡುವವರಿಗೆ, ಸಂಬಳ ಬಡ್ತಿ ನಿಮ್ಮ ಕೈಯಲ್ಲಿರುವವರಿಗೆ, ನೀವಾಗಿ ಈ ಮಾತು ತೆಗೆಯಬೇಡಿ. ಅವರು ಬೇಡ ಎನ್ನಲಾರರು. ಬೇಡ ಎನ್ನಲಾಗದ ಕಡೆ ಸುವಾರ್ತೆ ಒತ್ತಾಯವಾಗುತ್ತದೆ. ನೆರೆಮನೆಯವರ ಸಾಮಾನು ಸಾಗಿಸಿಕೊಟ್ಟ ದಿನವೇ ಚರ್ಚಿಗೆ ಕರೆಯುವುದೂ ಬೇಡ, ಸಹಾಯಕ್ಕೆ ಬೆಲೆ ಕೇಳಿದಂತೆ ಕಾಣುತ್ತದೆ. ಯಾರಾದರೂ ತಾಯಿಗೆ ಆಪರೇಷನ್ ಎಂದು ದುಃಖ ಹೇಳಿಕೊಂಡರೆ, 'ಅವರಿಗಾಗಿ ಪ್ರಾರ್ಥಿಸಲೇ?' ಎಂದು ಕೇಳಿ. ಒಪ್ಪಿದರೆ ತಾಯಿಯ ಹೆಸರು ಹಿಡಿದು ಅರ್ಧ ನಿಮಿಷ ಪ್ರಾರ್ಥಿಸಿ. ಪ್ರಾರ್ಥನೆಯೊಳಗೆ ಉಪದೇಶ ತುರುಕಬೇಡಿ. ಮರುದಿನ ತಪ್ಪದೆ 'ಅಮ್ಮ ಹೇಗಿದ್ದಾರೆ?' ಎಂದು ವಿಚಾರಿಸಿ. ಬಹಳ ಜನ ತಪ್ಪುವುದು ಈ ಮರುದಿನದಲ್ಲೇ.

ಕಾನೂನನ್ನೂ ತಿಳಿದುಕೊಂಡಿರಿ. ಹಲವು ಕೊಲ್ಲಿ ದೇಶಗಳಲ್ಲಿ ಗೊತ್ತುಪಡಿಸಿದ ಆವರಣದೊಳಗೆ ಆರಾಧನೆಗೆ ಅಡ್ಡಿಯಿಲ್ಲ, ಆದರೆ ಮುಸ್ಲಿಮರಿಗೆ ಮತಪ್ರಚಾರ ಮಾಡುವುದು ಅಪರಾಧ. ಪುಸ್ತಕ ಹಂಚಿದರೆ ನಿಮ್ಮ ಜೊತೆ ಇಡೀ ಸಭೆ ತೊಂದರೆಗೆ ಸಿಲುಕುತ್ತದೆ. ಜರ್ಮನಿಯಲ್ಲಿ ವಿಳಾಸ ನೋಂದಾಯಿಸುವಾಗ ಧರ್ಮ ಕೇಳುತ್ತಾರೆ. ಕ್ಯಾಥೊಲಿಕ್ ಅಥವಾ ಅಲ್ಲಿನ ಪ್ರೊಟೆಸ್ಟೆಂಟ್ ಸಭೆಯವರೆಂದು ದಾಖಲಾದರೆ ಆದಾಯ ತೆರಿಗೆಯ ಶೇ. 9ರಷ್ಟು, ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಶೇ. 8ರಷ್ಟು, ಚರ್ಚ್ ತೆರಿಗೆ ಸೇರುತ್ತದೆ. ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ತೆರಿಗೆ ಉಳಿಸಲು ಧರ್ಮವೇ ಇಲ್ಲ ಎಂದು ಬರೆಯುವುದು ಮಾತ್ರ ಸುಳ್ಳು ಸಾಕ್ಷಿಯಾಗುತ್ತದೆ.

ಭಾನುವಾರದ ಪಾಳಿಯ ವಿಷಯ: ಮ್ಯಾನೇಜರಿಗೆ ದೂರು ಹೇಳುವ ಬದಲು ಬದಲಿಯನ್ನು ಮುಂದಿಡಿ. ಬೇರೆಯವರ ಹಬ್ಬದ ದಿನವೋ ಶನಿವಾರ ರಾತ್ರಿಯೋ ನೀವು ದುಡಿಯುತ್ತೇನೆಂದರೆ ತಿಂಗಳಿಗೆ ಎರಡು ಭಾನುವಾರ ಸಿಕ್ಕರೂ ಸಿಗಬಹುದು. ಪಟ್ಟಿ ಹಾಕುವ ಮೊದಲೇ ಬರವಣಿಗೆಯಲ್ಲಿ ಕೇಳಿ. ಸಿಗದ ವಾರ ಶನಿವಾರ ಸಂಜೆ ಆರಾಧನೆ ನಡೆಸುವ ಸಭೆ ಹತ್ತಿರದಲ್ಲಿದೆಯೇ ನೋಡಿ. ಮನೆಯಲ್ಲಿ ದಿನಕ್ಕೆ ಐದರಂತೆ ಓದಿದರೆ ಬೈಬಲಿನ 150 ಕೀರ್ತನೆಗಳೂ 30 ದಿನಕ್ಕೆ ಮುಗಿಯುತ್ತವೆ. ಪಾಳಿ ಹೇಗೇ ಬದಲಾಗಲಿ, ಎದ್ದ ಕೂಡಲೇ, ಫೋನ್ ಮುಟ್ಟುವ ಮೊದಲು ಓದಿ.